ಕೌದಿಗೆ ಸಿಕ್ಕ ಸಾಹೇಬರ ಅಂಗಿ ಹಾಗೂ ತಾವು ಕೊಟ್ಟ ನೋಟಿಸಿನ ಕುರಿತು

ಕಿರು ಉದ್ಯಮ ಬೆಳವಣಿಗೆ ಮತ್ತು ನಾವೀನ್ಯ ಪ್ರೋತ್ಸಾಹ ಕೇಂದ್ರದ ಸಂಚಾಲಕರ ಸನ್ನಿಧಿಗೆ,

ಮಾನ್ಯರೇ,

ಸವದತ್ತಿಯಲ್ಲಿ ಹಳೆಯ ಸೀರೆಗಳನ್ನು ಪದರವಾಗಿ ಜೋಡಿಸಿ ಕೌದಿ ಹೊಲಿದು ಮಾರುವ ರೇಣು ಎಂಬ ನಾನು, ನನ್ನ ಅತ್ತೆ ಪದ್ಮವ್ವ ಹಾಗೂ ನಮ್ಮಲ್ಲಿ ಹೊಲಿಯಲು ಬರುವ ಓಣಿಯ ಹೆಣ್ಣುಮಕ್ಕಳೆಲ್ಲರ ಪರವಾಗಿ, ತಮಗೂ ತಮ್ಮ ಕಚೇರಿಯ ಸಮಸ್ತ ಕುರ್ಚಿಗಳಿಗೂ ಕೈಮುಗಿದು ಈ ಪತ್ರವನ್ನು ಎಲ್ಲರೆದುರು ಬರೆಯುತ್ತಿದ್ದೇನೆ. ತಮ್ಮ ಪ್ರೋತ್ಸಾಹ ನಮಗೆ ತಲುಪಿದೆ. ಸಾಕುಸಾಕೆನಿಸುವಷ್ಟು ತಲುಪಿದೆ. ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ತೆಗೆದುಕೊಂಡರೆ ದೊಡ್ಡ ಉಪಕಾರವಾದೀತು.

ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ನೆಲದ ಮೇಲೆ ಕೂತು ಹೊಲಿಯಲಾಗದೆ ಅವರು ಸೂಜಿ ಕೆಳಗಿಟ್ಟಾಗ, ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಯಜಮಾನರು ಕಾಂತೇಶ ಒಂದು ಕಬ್ಬಿಣದ ಚೌಕಟ್ಟು ಮಾಡಿ, ಅದಕ್ಕೆ ಬಿಗಿದ ಕೌದಿ ಹಗ್ಗ ಜಗ್ಗಿದರೆ ಕುರ್ಚಿಯಲ್ಲಿ ಕೂತವರ ಕೈಯೆತ್ತರಕ್ಕೆ ಏರುವಂತೆ ಮಾಡಿಕೊಟ್ಟರು. ತಾವು ಅದನ್ನು 'ನಾವೀನ್ಯ' ಎಂದು ಗುರುತಿಸಿ, ನನಗೆ ಪ್ರಶಸ್ತಿ ಫಲಕ ಕೊಟ್ಟು, ಬಸ್ ನಿಲ್ದಾಣದ ಎದುರು ನನ್ನ ಫೋಟೋ ನಿಲ್ಲಿಸಿದಿರಿ. ಅಂದಿನಿಂದ ಅಧ್ಯಯನ ನಿಯೋಗಗಳು ಬರತೊಡಗಿದವು. ಬೆಳಗ್ಗೆ ಎಲ್ಲಮ್ಮನ ಗುಡ್ಡ, ಸಂಜೆಗೆ ನವಿಲುತೀರ್ಥದ ಅಣೆಕಟ್ಟು, ಇವೆರಡರ ನಡುವೆ ನಾವು. ಬಂದವರೆಲ್ಲ ಚೌಕಟ್ಟನ್ನು ಏರಿಸಿ ಇಳಿಸಿ ತೋರಿಸಲು ಕೇಳುತ್ತಾರೆ. ವಿಡಿಯೋ ಸರಿ ಬರದಿದ್ದರೆ ಮತ್ತೊಮ್ಮೆ ಕೇಳುತ್ತಾರೆ. ಹೀಗೆ ಏರಿಸಿ ಇಳಿಸುವುದೇ ನಮ್ಮ ಉದ್ಯಮವಾಗಿ, ಹೊಲಿಗೆ ಹವ್ಯಾಸವಾಯಿತು. "ಇಷ್ಟ ಹಗ್ಗಾ ಜಗ್ಗಿದ್ರ ಬಾವ್ಯಾಗಿನ ನೀರರ ಮ್ಯಾಲ ಬರತಿತ್ತು" ಎಂದು ಅತ್ತೆ ಗೊಣಗಿದ್ದನ್ನು ನಿಯೋಗವೊಂದು 'ಫಲಾನುಭವಿಯ ಅಭಿಪ್ರಾಯ' ಎಂದು ಬರೆದುಕೊಂಡು ಹೋಯಿತು.

ಕಳೆದ ತಿಂಗಳು, ಧಾರವಾಡದಲ್ಲಿ ಹೊಸದಾಗಿ ತೆರೆಯುತ್ತಿದ್ದ ಅತಿಥಿಗೃಹದವರು ಮಂಚಕ್ಕೊಂದರಂತೆ ಕೌದಿ ಬೇಕೆಂದರು. ಅಷ್ಟು ದೊಡ್ಡ ಕೆಲಸ ನಮ್ಮ ಕೈಗೆ ಎಂದೂ ಬಂದಿರಲಿಲ್ಲ. ಸಂಜೆಯ ಬಸ್ಸಿಗೆ ಗಂಟುಗಳು ಹೋಗಲೇಬೇಕಾಗಿದ್ದ ದಿನ, ಕೊನೆಯ ಕೌದಿ ಇನ್ನೂ ಚೌಕಟ್ಟಿನ ಮೇಲಿರುವಾಗಲೇ, ತಮ್ಮ ಕ್ಷೇತ್ರಾಧಿಕಾರಿ ನಿಜಗುಣಪ್ಪನವರು ಜೀಪು ತುಂಬ ಜನರನ್ನು ಕರೆತಂದರು. ನನಗೆ ಅಳುವೇ ಬಂತು. ಅತ್ತೆಯವರು ಮಾತ್ರ ಸೂಜಿಗೆ ದಾರ ಪೋಣಿಸಿ ಸಾಹೇಬರ ಕೈಗೇ ಕೊಟ್ಟು, "ಅಭ್ಯಾಸ ಮಾಡಾಕ ಬಂದೀರಲ್ರಿ, ಕುಂದರ್ರಿ. ಕೈಯಾಡಿಸಿದ್ರನ ತಿಳಿತೈತಿ" ಎಂದರು.

ನಾಚಿಕೊಂಡಾದರೂ ಎಲ್ಲರೂ ಕೂತು ಹೊಲಿದರು. ಕೆಲಸ ಮುಗಿಯಿತು. ಹೊರಗೆ ಜೀಪಿನ ಹಾರ್ನ್ ಕೇಳಿ ನಿಜಗುಣಪ್ಪನವರು ಎದ್ದರೆ ಅವರೊಂದಿಗೆ ಕೌದಿಯೂ ಎದ್ದಿತು! ತಮ್ಮದೇ ಅಂಗಿಯ ಅಂಚನ್ನೂ ಸೇರಿಸಿ ಹೊಲಿದುಕೊಂಡಿದ್ದರು. ಕತ್ತರಿ ಕೇಳಿದರು. "ದಾರ ಕತ್ತರಿಸಿದ್ರ ಹೊಲಿಗಿ ಪೂರಾ ಬಿಚ್ಚಿಕೊಂಡ ಬರತೈತ್ರಿ. ಸುಮ್ಮನ ಕುಂದರ್ರಿ" ಎಂದ ಅತ್ತೆ, ಒಂದೊಂದೇ ಹೊಲಿಗೆ ಬಿಡಿಸಿ ಮತ್ತೆ ಹಾಕತೊಡಗಿದರು.

ಹಾಗೆ ಅಲುಗಾಡಲಾಗದೆ ಕೂತ ಹೊತ್ತಿನಲ್ಲಿ, ತಮ್ಮ ಕೇಂದ್ರದವರೊಬ್ಬರು ಮೊದಲ ಸಲ ನಮ್ಮ ಮಾತನ್ನು ಪೂರ್ತಿ ಕೇಳಿದರು. "ರಾಮದುರ್ಗದಾಗ ನಮ್ಮವ್ವನೂ ಹಿಂಗ ಹೊಲಿಗಿ ಬಿಚ್ಚೂಮುಂದ ನನಗ ಬೈತಿದ್ಲರಿ" ಎಂದು ನಕ್ಕರು. ಆಮೇಲೆ, "ತಂಗಿ, ನಿಮಗೇನ ಬೇಕು? ಖರೇ ಹೇಳ್ರಿ" ಎಂದರು. "ಈ ಗಂಟು ಧಾರವಾಡ ಮುಟ್ಟಬೇಕ್ರಿ, ಅಷ್ಟ. ಬಸ್ ಹೋತ್ರಿ" ಎಂದೆ. ಅಂಗಿ ಬಿಡಿಸಿಕೊಂಡದ್ದೇ ಅವರು ಗಂಟುಗಳನ್ನು ಜೀಪಿನ ಮೇಲೆ ಕಟ್ಟಿಸಿ, ನಿಯೋಗದ ಸಮೇತ ಧಾರವಾಡಕ್ಕೆ ಹೋಗಿ ಮುಟ್ಟಿಸಿ ಬಂದರು. ಅತಿಥಿಗೃಹದವರು ಈಗ ದಸರೆಯೊಳಗೆ ಇನ್ನಷ್ಟು ಕೌದಿ ಕೇಳಿದ್ದಾರೆ.

ಅಣೆಕಟ್ಟು ನೋಡಲು ಸಿಗದ ನಿಯೋಗ ದೂರು ಕೊಟ್ಟಿತೆಂದು, ಸರ್ಕಾರಿ ಜೀಪಿನಲ್ಲಿ ಖಾಸಗಿ ಸರಕು ಸಾಗಿಸಿದ ಅಪರಾಧಕ್ಕೆ ತಾವು ನಿಜಗುಣಪ್ಪನವರಿಗೆ ನೋಟಿಸು ಕೊಟ್ಟಿರುವುದು ತಿಳಿಯಿತು. ತಮ್ಮ ದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆ! ಕೇಂದ್ರದಿಂದ ನಮಗಾದ ಏಕೈಕ ಉಪಯೋಗವನ್ನು ಇಷ್ಟು ಬೇಗ ಪತ್ತೆ ಹಚ್ಚಿ ತಡೆಯುವುದು ಸಾಮಾನ್ಯರಿಂದ ಆಗುವ ಮಾತಲ್ಲ. ಆದ್ದರಿಂದ ನನ್ನ ಪ್ರಶಸ್ತಿಯನ್ನು ಹಿಂಪಡೆದು ಅವರಿಗೆ ಕೊಡಬೇಕು, ನೋಟಿಸನ್ನು ನನ್ನ ಹೆಸರಿಗೆ ವರ್ಗಾಯಿಸಬೇಕು, ದಸರೆಯವರೆಗಾದರೂ ನನ್ನನ್ನು 'ವಿಫಲ ಉದ್ಯಮಿ' ಎಂದು ಅಧಿಕೃತವಾಗಿ ಘೋಷಿಸಬೇಕು. ನನ್ನ ಫೋಟೋವನ್ನು ನವಿಲುತೀರ್ಥದಲ್ಲೇ ನೆಟ್ಟರೆ ನಿಯೋಗದವರು ಅಣೆಕಟ್ಟಿನ ಜೊತೆಗೇ ನನ್ನನ್ನೂ ನೋಡಿ ಮುಗಿಸಬಹುದು. ನಾವು ಮನೆಯಲ್ಲಿ ಹೊಲಿಯುತ್ತಿರುತ್ತೇವೆ.

ಇಷ್ಟೆಲ್ಲ ಪ್ರೋತ್ಸಾಹದ ನಂತರವೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ರೇಣು
ಸವದತ್ತಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ತಮ್ಮ ಹೊಸ ಪ್ರಚಾರ ಪುಸ್ತಿಕೆ ಕೈಸೇರಿತು. ಮುಖಪುಟದಲ್ಲಿ ಅದೇ ಜೀಪು, ಮೇಲೆ ನಮ್ಮ ಗಂಟುಗಳು, ಕೆಳಗೆ 'ಉದ್ಯಮಿಯ ಮನೆಬಾಗಿಲಿಗೇ ಮಾರುಕಟ್ಟೆ' ಎಂಬ ದಪ್ಪಕ್ಷರ. ಪಕ್ಕದಲ್ಲಿ ನಿಂತಿದ್ದ ನಿಜಗುಣಪ್ಪನವರನ್ನು ಮಾತ್ರ ಒಂದು ಎಳೆಯೂ ಉಳಿಯದಂತೆ ಕತ್ತರಿಸಿ ತೆಗೆದಿದ್ದೀರಿ. ಇಷ್ಟು ಚೊಕ್ಕ ಕತ್ತರಿಯ ಕೈ ತಮ್ಮ ಕಚೇರಿಯಲ್ಲಿ ಯಾರದೆಂದು ತಿಳಿಸಿದರೆ, ಹಳೆಯ ಸೀರೆ ಕತ್ತರಿಸಲು ಅವರನ್ನು ನಾವೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ.