ಸಾಹೇಬರ ದೋಣಿಗೆ ಪಟ್ಟಿ ಕಟ್ಟಿದ್ದು

ಮಳೆಗಾಲದಲ್ಲಿ ಚಾಳಿನ ಮಾಡು ಯಾಕೆ ಸೋರುತ್ತದೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಅಂಧೇರಿ ಆಫೀಸಿನಲ್ಲಿ ಹೀಗೆಲ್ಲ ಯಾಕೆ ಆಗುತ್ತಿತ್ತು ಅಂತಲೂ ಕೇಳಬೇಡ್ರಿ. ಆಗುತ್ತಿತ್ತು, ಅಷ್ಟೇ.

ಎರಡು ಫೈಲು

ಬಿಳಿ ಸಾಹೇಬ ವಿಲಾಯತಿಗೆ ಹೋಗುವಾಗ ಒಂದು ಕನೂ ಬಿಟ್ಟುಹೋದ. ಕನೂ ಅಂದರೆ ಕಲ್ಲುಬಂಡೆಗಳ ನಡುವೆ ನುಗ್ಗುವ ನೀರಿನಲ್ಲಿ ಒಬ್ಬಿಬ್ಬರು ಮಂಡಿಯೂರಿ ಕೂತು ಹುಟ್ಟು ಹಾಕುವ ಸಣಕಲು ದೋಣಿ. ಅವನ ಜಾಗಕ್ಕೆ ಬಂದ ನಮ್ಮ ದೇಶಿ ಸಾಹೇಬರು ಮೊದಲು ಅವನ ಕುರ್ಚಿ ಹಿಡಿದರು, ಆಮೇಲೆ ಅವನ ಪೈಪು, ಕೊನೆಗೆ ಈ ದೋಣಿ.

ನಾನು ಆಗ ನಾಲ್ಕು ವರ್ಷದ ಟೆಂಪರರಿ ಗುಮಾಸ್ತ. ಪರ್ಮನೆಂಟ್ ಮಾಡುವ ಕಾಗದ ಸಾಹೇಬರ ಮೇಜಿನ ಮೇಲೆ ಸಹಿಗಾಗಿ ಬಿದ್ದಿತ್ತು. ಅವರು ನನ್ನನ್ನು ಕರೆದು, "ಈ ದೋಣಿ ನನಗೆ ಹೊಂದುವ ಹಾಗೆ ಮಾಡಿಸು, ಬೊರಿವಲಿ ಹೊಳೆಗೆ ಇಳಿಸೋಣ. ಆಮೇಲೆ ನಿನ್ನ ವಿಷಯ ನೋಡೋಣ" ಅಂದರು.

ದೋಣಿಯ ಜೊತೆಗಿದ್ದ ಪುಸ್ತಿಕೆಯಲ್ಲಿ ಎರಡೇ ನಿಯಮ. ಒಂದು, ಕೂತವನನ್ನು ಅಲುಗದ ಹಾಗೆ ಪಟ್ಟಿ ಬಿಗಿಯಾಗಿ ಹಿಡಿದಿರಬೇಕು. ಎರಡು, ದೋಣಿ ಮಗುಚಿದರೆ ತಕ್ಷಣ ಹೊರಬರುವ ಹಾಗಿರಬೇಕು. ನಮ್ಮ ಹೆಡ್ ಕ್ಲಾರ್ಕು ವಿಜಾಪುರದವರು, ಕನ್ನಡಕ ಹಣೆಗೇರಿಸಿ ಓದಿದರು. "ಹಿಡೀಬೇಕು ಅಂತಾನ, ಬಿಡಬೇಕು ಅಂತಾನ. ಒಂದ ಫೈಲಿನಾಗ ಎರಡೂ ಹ್ಯಾಂಗ ಕೂಡ್ತಾವ? ಬ್ಯಾರೆ ಬ್ಯಾರೆ ಮಾಡ್ರಿ" ಅಂದರು.

ಮಾಡಿದೆ. ಹಿಡಿಯುವ ಫೈಲು ಮೂರು ದಿನಕ್ಕೆ ಮಂಜೂರಾಗಿ ಬಂತು. ಬಿಡುವ ಫೈಲಿನ ಮೇಲೆ "ಅವಸರವೇನು?" ಎಂದು ಷರಾ ಇತ್ತು.

ಅಳತೆ

ಮಲಾಡಿನ ನಮ್ಮ ಚಾಳಿನ ಸಿಂಪಿಗನನ್ನು ಕರೆದುಕೊಂಡು ಬಂದೆ. ದೋಣಿಯಲ್ಲಿ ಗಿಡ್ಡ ಸೀಟು, ಮಂಡಿ ಕೆಳಗೆ ಮೆತ್ತೆ, ತೊಡೆ ಮೇಲೆ ಬಿಗಿಯಲು ದಪ್ಪ ಕ್ಯಾನ್ವಾಸ್ ಪಟ್ಟಿ, ಇವಿಷ್ಟು ಕೂರಬೇಕು. ಅವನು ಟೇಪು ಬಿಚ್ಚುವುದರೊಳಗೆ ಸಾಹೇಬರು ತಮ್ಮ ಅಳತೆ ತಾವೇ ಹೇಳಿಬಿಟ್ಟರು. ಅದು ಅವರ ಮದುವೆಯ ಸೂಟಿನ ಅಳತೆ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಸಿಂಪಿಗ ನನ್ನ ಮುಖ ನೋಡಿದ, ನಾನು ಹೆಡ್ ಕ್ಲಾರ್ಕರ ಮುಖ ನೋಡಿದೆ. "ಸಾಹೇಬ್ರು ಹೇಳಿದ್ದ ಬರಕೋರಿ. ಟೇಪಿಗೆ ಏನು ಪಗಾರ ಕೊಡ್ತೇವಿ ನಾವು?" ಅಂದರು ಅವರು.

ದೋಣಿ ತಯಾರಾದ ದಿನ ಸಾಹೇಬರು ತಮ್ಮ ಕೋಣೆಯಲ್ಲೇ ಅದರೊಳಗೆ ಇಳಿದರು. ಇಳಿಯುವುದು ಹೇಗೋ ಆಯಿತು. ಏಳುವುದು ಮಾತ್ರ ಆಗಲೊಲ್ಲದು. ಎಣ್ಣೆ ತರಿಸಿದೆವು, ಸಿಂಪಿಗನಿಗೆ ಹೇಳಿ ಕಳಿಸಿದೆವು. ಮಧ್ಯಾಹ್ನವಿಡೀ ಸಾಹೇಬರು ನೆಲದ ಮೇಲೆ ದೋಣಿಯಲ್ಲಿ ಮಂಡಿಯೂರಿಕೊಂಡೇ ಇದ್ದರು. ಬೇರೆ ಕೆಲಸವಿಲ್ಲದೆ ಎದುರಿಗಿಟ್ಟ ಕಾಗದಕ್ಕೆಲ್ಲ ಸಹಿ ಹಾಕಿದರು. ನನ್ನದನ್ನೂ ಮೆಲ್ಲಗೆ ನಡುವೆ ಸೇರಿಸಿದ್ದೆ. ಅದೊಂದನ್ನು ಮಾತ್ರ ಎತ್ತಿ ಪಕ್ಕಕ್ಕಿಟ್ಟು, "ಹೊಳೆ ಆಗಲಿ" ಅಂದರು.

ಕೊನೆಗೆ ಸಿಂಪಿಗ ಕತ್ತರಿ ಹಿಡಿದು ಓಡಿಬಂದ. ಹೆಡ್ ಕ್ಲಾರ್ಕು ಬಾಗಿಲಲ್ಲೇ ಅವನನ್ನು ತಡೆದು, "ಇನ್ನೊಂದು ತಾಸು ತಡೀಪಾ. ಹ್ವಾದ ವರ್ಷದ ಫೈಲು ಇನ್ನೂ ಉಳದಾವ" ಅಂದರು.

ಅರಗಿನ ಮುದ್ರೆ

ಈಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಸಾಹೇಬರು ಹೊಳೆಯಲ್ಲಿ ಹೀಗೆ ಸಿಕ್ಕಿಬಿದ್ದರೆ ನನ್ನ ಕಾಗದಕ್ಕೆ ಸಹಿ ಯಾರು ಹಾಕಬೇಕು? ಅದಕ್ಕೇ ಮಂಜೂರಿಗೆ ಕಾಯದೆ, ಪಟ್ಟಿಯನ್ನು ಸಡಿಲಿಸಿ ಹೊಲಿಸಿ, ಒಂದು ಕೊಂಡಿ ಹಾಕಿಸಿದೆ. ಗೇಣುದ್ದದ ಕೆಂಪು ತುದಿ ಹೊರಗೆ ಜೋತಾಡುವಂತೆ ಬಿಟ್ಟೆ. ಅದನ್ನು ಒಮ್ಮೆ ಎಳೆದರೆ ಸಾಕು, ಪೂರಾ ಬಿಚ್ಚಿಕೊಳ್ಳುತ್ತದೆ. ನಾನೇ ಕೂತು, ದೋಣಿಯನ್ನು ನೆಲದ ಮೇಲೆ ಉರುಳಿಸಿಕೊಂಡು, ಮೈಕೈ ತರಚಿಕೊಂಡು ಪರೀಕ್ಷೆ ಮಾಡಿದೆ. ಸಾಹೇಬರು ನೋಡಿ ತಲೆದೂಗಿದರು.

ಹೆಡ್ ಕ್ಲಾರ್ಕರಿಗೆ ಮಾತ್ರ ಸಮಾಧಾನವಿಲ್ಲ. "ಯಾರ ಬೇಕಾದರೂ ಎಳೀಬಹುದಲ್ರೀ ಇದನ್ನ" ಅಂತ ಕೊಂಡಿಯ ಮೇಲೆ ಅರಗು ಸುರಿದು ಆಫೀಸಿನ ಮುದ್ರೆ ಒತ್ತಿದರು. ಬೊರಿವಲಿಗೆ ಹೋಗುವ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಕೂತು, ದಾರಿಯುದ್ದಕ್ಕೂ ಆ ಅರಗನ್ನು ಉಗುರಿನಿಂದ ಕೆರೆದು ಪೂರಾ ತೆಗೆದೆ. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು, ದೋಣಿಯನ್ನೂ ನನ್ನನ್ನೂ ನೋಡಿ, ಸಮುದ್ರ ಆ ಕಡೆ ಇದೆ ಅಂತ ಕೈ ತೋರಿಸಿದಳು.

ಹೊಳೆ

ಗುಡ್ಡದಿಂದ ಇಳಿಯುವ ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ಕೊಡೆ ಹಿಡಿದು ಆಫೀಸಿನ ಸಿಪಾಯಿಯೂ ಬಂದಿದ್ದ. ಸಾಹೇಬರು ಕೂತರು, ಪಟ್ಟಿ ಬಿಗಿದೆ. ಮೊದಲನೇ ಬಂಡೆಗೇ ದೋಣಿ ಗುದ್ದಿ ಪಕ್ಕಕ್ಕೆ ಮಗುಚಿ, ಕಲ್ಲಿಗೆ ಆತು ನಿಂತಿತು. ಸಾಹೇಬರ ತಲೆ ನೀರೊಳಗೆ ಹೋಗುವುದು, ಮೇಲೆ ಬರುವುದು.

"ಕೆಂಪು ತುದಿ ಎಳೀರಿ ಸರ್" ಅಂತ ದಂಡೆಯಿಂದ ಗಂಟಲು ಹರಿಯುವಂತೆ ಕೂಗಿದೆ.

ತುದಿ ಅವರ ಕೈ ಹತ್ತಿರವೇ ಇತ್ತು. ಆದರೆ ಅವರು ಎಳೆಯಲಿಲ್ಲ. ಮೇಲೆ ಬಂದಾಗಲೊಮ್ಮೆ "ಸಿಪಾಯಿ" ಅಂತ ಕರೆಯುತ್ತಿದ್ದರು. ಆಗ ನನಗೆ ಹೊಳೆಯಿತು. ಈ ಮನುಷ್ಯನ ಕಾರಿನ ಬಾಗಿಲು ಡ್ರೈವರ್ ತೆಗೆಯುತ್ತಾನೆ. ಕೊಡೆ, ಊಟದ ಡಬ್ಬಿ, ಫೈಲಿನ ದಾರ ಎಲ್ಲ ಸಿಪಾಯಿ ಬಿಚ್ಚುತ್ತಾನೆ. ಸ್ವಂತ ಕೈಯಿಂದ ಏನನ್ನಾದರೂ ಬಿಚ್ಚಿದ್ದು ಅವರಿಗೆ ನೆನಪೇ ಇರಲಿಕ್ಕಿಲ್ಲ.

ಸಿಪಾಯಿ ಬೂಟು ಸಮೇತ ನೀರಿಗಿಳಿದ, ಮೊದಲು ಸಲಾಮು ಹೊಡೆದ, ಆಮೇಲೆ ತುದಿ ಎಳೆದ. ಸಾಹೇಬರು ಸುಲಭವಾಗಿ ಹೊರಬಂದು ಎದ್ದು ನಿಂತರು. ನೀರು ಅವರ ಸೊಂಟದವರೆಗಿತ್ತು. ದಂಡೆಗೆ ಬಂದವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮುಗೀತು, ನಾಲ್ಕು ವರ್ಷ ಹೊಳೆಪಾಲಾಯಿತು ಅಂದುಕೊಂಡೆ.

ಸೋಮವಾರ ಹೆಡ್ ಕ್ಲಾರ್ಕು ನಗುತ್ತಾ ನನ್ನ ಕಾಗದ ತಂದರು. ಸಹಿಯಾಗಿತ್ತು. ಕಣ್ಣು ಮಂಜಾಯಿತು ನನಗೆ. ಒರೆಸಿಕೊಂಡು ಕೆಳಗಿನ ಷರಾ ಓದಿದೆ. "ಪಟ್ಟಿ ಉತ್ತಮವಾಗಿದೆ. ಎಳೆಯುವ ವ್ಯವಸ್ಥೆ ಮಾತ್ರ ಇಲ್ಲ. ಕಾರಣ, ಪಟ್ಟಿ ಮಾಡಿದವರನ್ನೇ ಈ ದಿನದಿಂದ ಕಾಯಂ ಮಾಡಲಾಗಿದೆ. ಇವರು ದೋಣಿಯ ಹಿಂದಿನ ಸೀಟಿನಲ್ಲಿ ಪಟ್ಟಿ ಬಿಗಿದುಕೊಂಡು ಕೂತು, ಮಗುಚಿದಾಗ ನಮ್ಮ ಪಟ್ಟಿ ಎಳೆಯತಕ್ಕದ್ದು."

ನನಗೋ ಈಜು ಬಾರದು. ಧಾರವಾಡದಲ್ಲಿ ನಾನು ಕಂಡ ಆಳದ ನೀರೆಂದರೆ ಹಂಡೆಯದು. "ರಾಯರ, ಸಾಹೇಬ್ರ ಪಟ್ಟಿ ನಾ ಎಳಿಯೂದು ಖರೆ. ಎರಡೂ ಕೈ ಅಲ್ಲೇ ಇದ್ರ ನನ್ನ ಪಟ್ಟಿ ಯಾರು ಎಳೀಬೇಕು?" ಅಂದೆ.

ಅವರು ಕನ್ನಡಕ ಹಣೆಗೇರಿಸಿ, ನನ್ನ ಬೆನ್ನು ತಟ್ಟಿ ಹೇಳಿದರು. "ಅದರ ಚಿಂತಿ ಬ್ಯಾಡ. ಅದಕ್ಕ ಒಬ್ಬ ಟೆಂಪರರಿ ಮನುಷ್ಯಾನ್ನ ತಗೋತೇವಿ."