ಅತ್ತೆ ಒಪ್ಪಿದ ಬ್ರೇಕು

ಹೋದ ತಿಂಗಳು ಕುರುಗೋಡಿನಲ್ಲಿ ಸಂಕರ್ಷಣನ ಕಾರು ಅತ್ತೆಯ ಮನೆ ಮುಂದೆ ನಿಲ್ಲಬೇಕಿತ್ತು. ನಿಂತದ್ದು ನಾಲ್ಕು ಮನೆ ಆಚೆ, ಯಾರದೋ ಎಮ್ಮೆಯ ಬಾಲಕ್ಕೆ ಮುಖ ಕೊಟ್ಟು. ಎಮ್ಮೆ ಒಮ್ಮೆ ತಿರುಗಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿತು. ಅತ್ತೆ ಗಿರಿಜಾಬಾಯಿ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವತ್ತೇ ಸಿರುಗುಪ್ಪದಲ್ಲಿದ್ದ ಮಗಳಿಗೆ ಫೋನ್ ಮಾಡಿದರು.

"ಬ್ರೇಕ್ ಸರಿ ಮಾಡಿಸಿದ್ರ ಪೂಜಿತಾನ ಹುಟ್ಟುಹಬ್ಬಕ್ಕ ಆ ಕಾರಿನಾಗ ಬರ್ತೀನಿ. ಇಲ್ಲಾಂದ್ರ ಬಸ್ಸಿಗೆ ಬರ್ತೀನಿ. ನಾ ಬಸ್ಸಿಗೆ ಬಂದ ದಿನ ಆ ಕಾರು ಗುಜರಿಗೆ ಹೋಗಬೇಕು ನೋಡು."

ಮಗಳು, ಎಂದರೆ ಸಂಕರ್ಷಣನ ಹೆಂಡತಿ ಶ್ರೀವಲ್ಲಿ, ತಾಯಿಯ ಮಾತನ್ನು ಅರ್ಧಕ್ಕೆ ಬಿಡುವವಳಲ್ಲ. ತನ್ನ ಮಗಳು ಪೂಜಿತಾಳ ಹುಟ್ಟುಹಬ್ಬದ ಸಂಜೆ ಐದಕ್ಕೆ ಬರಬೇಕೆಂದು ಗುಜರಿ ಜಡೆಪ್ಪನಿಗೆ ಹೇಳಿಟ್ಟಳು. ಕೇಕಿಗೆ ಹೇಳಿದ್ದು ಆಮೇಲೆ.

ಸಂಕರ್ಷಣ ರೈಸ್ ಮಿಲ್ಲೊಂದರಲ್ಲಿ ಗುಮಾಸ್ತ. ಮಿಲ್ಲಿನಲ್ಲಿ ಮಾಲೀಕ ಹೇಳಿದ್ದು ಕೇಳಬೇಕು, ಮನೆಯಲ್ಲಿ ಹೆಂಡತಿ ಹೇಳಿದ್ದು, ಫೋನಿನಲ್ಲಿ ಅತ್ತೆ ಹೇಳಿದ್ದು. ಇಪ್ಪತ್ತೈದು ವರ್ಷ ಹಳೆಯ ಆ ಬಿಳಿ ಕಾರಿನ ಸ್ಟೇರಿಂಗ್ ಹಿಡಿದಾಗ ಮಾತ್ರ ಅವನು ಹೇಳಿದ ಕಡೆಗೆ ಏನಾದರೊಂದು ತಿರುಗುತ್ತಿತ್ತು. ನಿಲ್ಲುವುದು ಬೇರೆ ಮಾತು. ನಿಲ್ಲಬೇಕಾದ ಜಾಗ ಕಣ್ಣಿಗೆ ಬೀಳುವ ಮೊದಲೇ ಪೆಡಲನ್ನು ನಾಲ್ಕು ಸಲ ತುಳಿಯಬೇಕು. ಆ ಲೆಕ್ಕ ಅವನ ಬಲಗಾಲಿಗೆ ಬಾಯಿಪಾಠವಾಗಿತ್ತು.

ಹುಟ್ಟುಹಬ್ಬದ ದಿನ ರಜೆ ಹಾಕಿ ಬೆಳಿಗ್ಗೆ ಬಳ್ಳಾರಿಗೆ ಹೊರಟ. ಕಾರಿನ ಬಾಗಿಲು ತೆಗೆದರೆ ಮುಂದಿನ ಸೀಟಿನಲ್ಲಿ ಪಕ್ಕದ ಮನೆಯ ಗವಿಸಿದ್ದಪ್ಪ ಆಗಲೇ ಕೂತಿದ್ದ.

"ಒಬ್ಬರ ಹೋದ್ರ ಮೆಕ್ಯಾನಿಕ್ ಟೋಪಿ ಹಾಕ್ತಾನ ರಾಯರ. ನಾ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡದಾವ."

"ಅದಕ್ಕ ಬ್ರೇಕ್ ಮಾಡಿಸಿದ್ರೇನು?"

"ಬ್ರೇಕ್ ಯಾಕ? ಕೆಸರಿನಾಗ ಅದು ತಾನ ನಿಲ್ತೈತಿ."

ಬಳ್ಳಾರಿಯಲ್ಲಿ ಮೆಕ್ಯಾನಿಕ್ ಎರ್ರಿಸ್ವಾಮಿ ಕಾರಿನ ಕೆಳಗೆ ತೂರಿಕೊಂಡು ಹೋಗಿ, ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪೊಂದನ್ನು ಬಿಚ್ಚಿ ತಂದ. ಬಗ್ಗಿಸಿದರೆ ಒಡೆದ ಹಿಮ್ಮಡಿಯಂತೆ ಬಿರುಕು.

"ನೀವು ಒತ್ತಿದ ಜೋರೆಲ್ಲ ಇದು ತಿಂತೈತಿ ಸಾರ್. ತಾನು ಉಬ್ಬತೈತಿ, ಚಕ್ರಕ್ಕ ಏನೂ ಮುಟ್ಟಂಗಿಲ್ಲ. ಸರಕಾರದ ಗ್ರಾಂಟ್ ಇದ್ದಂಗ." ಹೊಸ ಪೈಪುಗಳನ್ನು ತೋರಿಸಿದ. ಮೇಲೆ ಸ್ಟೀಲ್ ತಂತಿಯ ಹೆಣಿಗೆ, ಮಗುವಿನ ಬೆಳ್ಳಿ ಉಡಿದಾರದಂಥ ಹೊಳಪು. "ಇವು ಉಬ್ಬಂಗಿಲ್ಲ. ಒತ್ತಿದ್ದು ಒತ್ತಿದಂಗ ಮುಟ್ಟತೈತಿ."

ಸಂಕರ್ಷಣನಿಗೆ ರೋಮಾಂಚನವಾಯಿತು. ತನ್ನ ಮದುವೆಯ ಉಂಗುರವನ್ನೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ.

ಪೈಪು ಕೂರಿಸುವುದು ಬೇಗ ಮುಗಿಯಿತು. ಒಳಗೆ ಸೇರಿದ ಗಾಳಿ ತೆಗೆಯುವುದು ಉಳಿಯಿತು. "ಒಬ್ರು ಪೆಡಲ್ ಒತ್ತಿ ಹಿಡೀಬೇಕು. ನಾ ಕೆಳಗ ನಟ್ಟು ಸಡ್ಲ ಮಾಡಿ ಏರ್ ಬಿಡ್ತೀನಿ. ನಾ 'ಬಿಡ್ರಿ' ಅನ್ನೋತನಕ ಕಾಲು ತಗದ್ರ ಮತ್ತ ಗಾಳಿ ಹೊಕ್ಕತೈತಿ."

ಸಂಕರ್ಷಣ ಮುಂದೆ ಬರುವಷ್ಟರಲ್ಲಿ ಗವಿಸಿದ್ದಪ್ಪನ ಕಾಲು ಪೆಡಲಿನ ಮೇಲಿತ್ತು. ಕಾಲೇನೋ ಗಟ್ಟಿ. ಆದರೆ ಅದರ ಒಡೆಯನಿಗೆ ಬಳ್ಳಾರಿಯ ತುಂಬ ಪರಿಚಯದವರು. ಕರೂರಿನ ಬೀಗರೊಬ್ಬರು ರಸ್ತೆಯಲ್ಲಿ ಕಂಡರು, ಗವಿಸಿದ್ದಪ್ಪ ನಮಸ್ಕಾರ ಮಾಡಲು ಎದ್ದ. ಗಾಳಿ ಹೊಕ್ಕಿತು. ಎರಡನೆಯ ಸಲ ಟ್ರ್ಯಾಕ್ಟರ್ ಕಾಲುವೆಗೆ ಬಿದ್ದ ಕತೆ ಹೇಳುತ್ತಾ, ಬಿದ್ದದ್ದು ಹೇಗೆಂದು ಕಾಲಿನಿಂದಲೇ ತೋರಿಸಿದ. ಮತ್ತೆ ಗಾಳಿ. ಮೂರನೆಯ ಸಲಕ್ಕೆ ಚಹದಂಗಡಿಯವನೂ ಇಬ್ಬರು ಆಟೋದವರೂ ಸುತ್ತ ನಿಂತು ತೆಲುಗು ಕನ್ನಡ ಎರಡರಲ್ಲೂ ಹುರಿದುಂಬಿಸಿದರು. ಖುಷಿಗೆ ಅವನು ಇಳಿದು ಬಂದು ಅವರ ಹೆಸರು ಕೇಳಿದ.

ಕಾರಿನ ಕೆಳಗಿಂದ ಎರ್ರಿಸ್ವಾಮಿ ಅಂದ, "ಯಜಮಾನ್ರ, ಕಾಲಷ್ಟ ಇಲ್ಲಿ ಬಿಟ್ಟು ನೀವು ಹೋಗಿ ಮಾತಾಡಿ ಬರ್ರಿ."

ಕೊನೆಗೆ ಸಂಕರ್ಷಣನೇ ಕೂತು ಒತ್ತಿದ. ಮುಗಿದಾಗ ಎರಡೂವರೆ.

ಮೊದಲ ಸರ್ಕಲ್ಲಿನಲ್ಲಿ ಅಭ್ಯಾಸಬಲದಿಂದ ಪೆಡಲನ್ನು ನಾಲ್ಕು ಸಲ ತುಳಿಯಲು ಕಾಲೆತ್ತಿದ. ಮೊದಲನೆಯದಕ್ಕೇ ಕಾರು ಗೂಟಕ್ಕೆ ಕಟ್ಟಿದ ಹೋರಿಯಂತೆ ನಿಂತಿತು. ಉಳಿದ ಮೂರಕ್ಕೆ ಕೆಲಸವೇ ಇರಲಿಲ್ಲ. ಗವಿಸಿದ್ದಪ್ಪನ ಹಣೆ ಹೋಗಿ ಗಾಜಿಗೆ ಬಡಿಯಿತು. ಬೆಲ್ಟು ಪೊಲೀಸರಿಗಾಗಿ ಹಾಕುವುದೆಂದು ನಂಬಿದ್ದವನು ತಾನಾಗಿಯೇ ಹಾಕಿಕೊಂಡ.

ಕುರುಗೋಡಿನಲ್ಲೂ ಕಾಲು ಹಳೆಯ ಲೆಕ್ಕವನ್ನೇ ನೆನಪಿಟ್ಟಿತ್ತು. ನಾಲ್ಕು ಮನೆ ಮೊದಲೇ ತುಳಿಯಿತು, ಕಾರು ಅಲ್ಲೇ ನಿಂತಿತು. ಗಿರಿಜಾಬಾಯಿ ಸ್ಟೀಲ್ ಡಬ್ಬಿ ಹಿಡಿದು ಮನೆಗಳನ್ನು ಎಣಿಸುತ್ತಾ ನಡೆದು ಬಂದರು.

"ಹೋದ ಸರ್ತಿ ನಾಲ್ಕು ಮನಿ ಪ್ಲಸ್. ಈ ಸರ್ತಿ ನಾಲ್ಕು ಮನಿ ಮೈನಸ್. ಸರಾಸರಿ ತಗದ್ರ ಬರೋಬ್ಬರಿ ಅದ."

"ಅತ್ತಿ, ಹೊಸ ಪೈಪು..."

"ಬಾಯಿಲೆ ಹೇಳಬ್ಯಾಡ್ರಿ. ಪರೀಕ್ಷಾ ಮಾಡೋಣು."

ಗವಿಸಿದ್ದಪ್ಪನನ್ನು ಹಿಂದಕ್ಕೆ ಕಳಿಸಿ ಮುಂದೆ ಕೂತರು. ಊರು ದಾಟಿ ಖಾಲಿ ರಸ್ತೆ ಸಿಕ್ಕಿದ ಕೂಡಲೇ "ನಿಲ್ಲಸ್ರಿ" ಅಂದರು. ಕಾರು ನಿಂತಿತು. ಗಿರಿಜಾಬಾಯಿ ಮುಂದಕ್ಕೆ ಬಾಗಿ, ಬೆಲ್ಟಿಗೆ ಸಿಕ್ಕು, ಹಿಂದಕ್ಕೆ ಬಂದರು. ಗಣಿತದ ಮೇಡಂ ನಕ್ಕಿದ್ದನ್ನು ಸಂಕರ್ಷಣ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ನೋಡಿದ.

"ಇನ್ನೊಮ್ಮಿ."

ಸಿರಿಗೇರಿ ಕ್ರಾಸ್ ಬರುವಷ್ಟರಲ್ಲಿ ಹನ್ನೊಂದು ಸಲ ಆಗಿತ್ತು. ನಡುವೆ ಕ್ಲಚ್ ಎಷ್ಟು ಒತ್ತಬೇಕು, ಎರಡನೇ ಗೇರ್ ಎಲ್ಲಿ ಬೀಳುತ್ತದೆ ಎಂದೆಲ್ಲ ಕೇಳಿದರು. ಕೇಳುವಾಗ ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ, ಅಳಿಯನ ಕಾಲುಗಳ ಮೇಲಿತ್ತು. ಸಂಕರ್ಷಣ ಹಿಗ್ಗಿ ಹೀರೇಕಾಯಿಯಾಗಿ ಎಲ್ಲವನ್ನೂ ಎರಡೆರಡು ಸಲ ವಿವರಿಸಿದ. ಅವನು ಹೇಳಿದ್ದನ್ನು ಇಷ್ಟು ಶ್ರದ್ಧೆಯಿಂದ ಯಾರೂ ಕೇಳಿರಲಿಲ್ಲ.

"ಅವ್ವಾರ, ಸಿರುಗುಪ್ಪ ಇವತ್ತ ಮುಟ್ಟಬೇಕ್ರಿ," ಹಿಂದಿನಿಂದ ಗವಿಸಿದ್ದಪ್ಪ ಕ್ಷೀಣವಾಗಿ ಹೇಳಿದ.

ಐದಕ್ಕೆ ಸರಿಯಾಗಿ ಓಣಿಗೆ ಬಂದರು. ಮನೆ ಮುಂದೆ ಜಡೆಪ್ಪ ಟೆಂಪೋ ನಿಲ್ಲಿಸಿಕೊಂಡು, ಕೈಯಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದ. ಕಾರು ಅವನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ಗಕ್ಕನೆ ನಿಂತಿತು. ಓಣಿಯ ಜನ ಚಪ್ಪಾಳೆ ತಟ್ಟಿದರು. ಗಿರಿಜಾಬಾಯಿ ಇಳಿದು ಡಬ್ಬಿಯನ್ನು ಮಗಳ ಕೈಗೆ ಕೊಟ್ಟರು.

"ಜಡೆಪ್ಪ, ಹಗ್ಗ ಸುತ್ತಿಕೊ. ಈ ಕಾರು ಕೊಡಂಗಿಲ್ಲ."

ಸಂಕರ್ಷಣ ಸ್ಟೇರಿಂಗನ್ನು ಎರಡೂ ಕೈಯಿಂದ ಸವರಿದ. ಗೆದ್ದಿದ್ದ.

ಅತ್ತೆ ಬಾನೆಟ್ಟು ಸುತ್ತಿ ಬಂದು ಅವನ ಕಡೆಯ ಬಾಗಿಲು ತೆಗೆದರು.

"ಇಳೀರಿ."

"ಯಾಕತ್ತಿ?"

ಅವರು ಪರ್ಸಿನಿಂದ ಮಡಚಿದ ಕಾಗದವೊಂದನ್ನು ತೆಗೆದರು. ಕಲಿಯುವವರಿಗೆ ಕೊಡುವ ಡ್ರೈವಿಂಗ್ ಲೈಸೆನ್ಸು. "ತಗೊಂಡು ತಿಂಗಳ ಮ್ಯಾಲಾತು. ಹೋದ ಸರ್ತಿ ನೀವು ಬಂದಾಗಲೇ ಕಾರು ಕೇಳಬೇಕಂತಿದ್ದೆ, ಆ ಎಮ್ಮಿ ನೋಡಿ ಸುಮ್ಮನಾದೆ. ಕಲಿಯೋರಿಗೆ ಎಂಜಿನ್ ಹೆಂಗಾರ ಇರ್ಲಿ, ಬ್ರೇಕ್ ಖಾತ್ರಿ ಇರಬೇಕು. ಪಕ್ಕದಾಗ ಲೈಸೆನ್ಸ್ ಇದ್ದೋರು ಕೂಡಬೇಕಂತ. ಆ ಕಡೆ ಬರ್ರಿ."

"ಹಂಗಾರ ಕಾರು ಅಮ್ಮನ ಹತ್ರ ಕುರುಗೋಡಿನಾಗ ಇರ್ಲಿ," ಎಂದಳು ಶ್ರೀವಲ್ಲಿ. "ನೀವು ರವಿವಾರಕ್ಕೊಮ್ಮಿ ಬಸ್ಸಿಗೆ ಹೋಗಿ ಕಲಿಸಿ ಬರ್ರಿ."

ಅಜ್ಜಿ ತಂದ ಕೆಂಪು 'ಎಲ್' ಬೋರ್ಡನ್ನು ಪೂಜಿತಾ ಬಾನೆಟ್ಟಿಗೆ ಅಂಟಿಸಿದಳು. ಸಂಕರ್ಷಣ ಎಡಗಡೆ ಕೂತು ಬೆಲ್ಟು ಬಿಗಿದುಕೊಂಡ. ಕಾರು ಒಂದು ಸಲ ಕುಪ್ಪಳಿಸಿ, ಎರಡು ಸಲ ಕೆಮ್ಮಿ, ಓಣಿಯ ತಿರುವಿನ ಕಡೆಗೆ ಓಡಿತು. ಅವನ ಬಲಗಾಲು ಒಂದು, ಎರಡು, ಮೂರು, ನಾಲ್ಕು ಎಂದು ತುಳಿಯಿತು. ಕೆಳಗೆ ಬರೀ ಮ್ಯಾಟು.

ಜಡೆಪ್ಪ ಹಗ್ಗ ಸುತ್ತಿಕೊಂಡ. ಆದರೆ ಟೆಂಪೋ ಹತ್ತಲಿಲ್ಲ, ಮನೆಯ ಕಟ್ಟೆಯ ಮೇಲೆ ಕೂತ.

"ಕೊಡಂಗಿಲ್ಲ ಅಂದ್ರಲ್ಲಪ್ಪ, ಇನ್ನ ಯಾಕ ಕುಂತಿ?" ಎಂದಳು ಶ್ರೀವಲ್ಲಿ.

"ಇರ್ಲಿ ಅಕ್ಕಾರ," ಎಂದ ಜಡೆಪ್ಪ, "ಆ ತಿರುವೊಂದು ದಾಟ್ಲಿ."