ಅವ್ವನ ಕುಂಕುಮಕ್ಕೆ ಇಳಿದ ಬೆಲೆ

ಸಿಟ್ಟಿನಲ್ಲಿ ಬರೆಯಬಾರದು ಎಂದು ತಿಳಿದವರು ಹೇಳುತ್ತಾರೆ. ತಿಳಿದವರಿಗೇನು, ಅವರಿಗೆ ಹರಾಜು ಕಂಪನಿಯ ಮೇಲ್ ಬಂದಿರುವುದಿಲ್ಲ. ನಾನಂತೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವ ನಾನು; ಸಿಟ್ಟನ್ನು ಕಾಗುಣಿತ ತಪ್ಪದೆ ಬರೆಯಬಲ್ಲ ಮೊದಲನೆಯವನೂ ನಾನೇ.

ನನಗಿರುವುದು ಒಂದೇ ಚಟ, ಹಳೆಯ ಜಾಝ್ ರೆಕಾರ್ಡುಗಳದು. ಕಾಲೇಜಿನ ದಿನಗಳಲ್ಲಿ ಈ ತೆಲುಗು ಊರಿನ ಅಬಿಡ್ಸ್ ಬಜಾರಿನ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ಮೇಲಿನ ಹಾಲಿನಲ್ಲಿ ಯಾರೋ ಸ್ಯಾಕ್ಸೊಫೋನ್ ಊದುತ್ತಿದ್ದರು. ಸಾಬೂನು ನೀರಿನಲ್ಲಿ ಕೈಯಿಟ್ಟುಕೊಂಡು ಕೇಳಿದ ಆ ಸ್ವರ ಕಿವಿ ಬಿಟ್ಟು ಹೋಗಲಿಲ್ಲ. ಇಲ್ಲೇ ಮಾದಾಪುರದಲ್ಲಿ ನೌಕರಿ ಸಿಕ್ಕ ಮೇಲೆ ರೆಕಾರ್ಡು ಕೊಳ್ಳತೊಡಗಿದೆ. ಅದೂ ಒರಿಜಿನಲ್ಲೇ ಆಗಬೇಕು, ಅಂದರೆ ಆ ಸಂಗೀತ ಹೊರಬಂದ ಕಾಲದಲ್ಲೇ ಅಚ್ಚಾದದ್ದು. ಆಮೇಲಿನ ಅಚ್ಚನ್ನು ಯಾರೂ ಮೂಸುವುದಿಲ್ಲ. ಮೊದಲ ಅಚ್ಚಿಗೆ ಹರಾಜಿನಲ್ಲಿ ಬಡಿದಾಟ. "ಎರಡರಾಗೂ ಅದೇ ಊದ್ತಾನ ಅಂತೀರಿ, ಮತ್ತ ಒಂದಕ್ಕ ಫ್ರಿಜ್ಜಿನ ರೇಟು ಯಾಕ್ರಿ?" ಎನ್ನುತ್ತಾಳೆ ಹೆಂಡತಿ. ಹಾಕಿ ಕೇಳಿದರೆ ಗೀರು ಬೀಳುತ್ತದೆ, ಗೀರು ಬಿದ್ದರೆ ಬೆಲೆ ಬೀಳುತ್ತದೆ. ಹಾಗಾಗಿ ರೆಕಾರ್ಡು ಬೀರುವಿನಲ್ಲಿರುತ್ತದೆ. ನಾನು ಮೆಟ್ರೊದಲ್ಲಿ ನಿಂತು ಅದೇ ಸಂಗೀತವನ್ನು ಮೊಬೈಲಿನಲ್ಲಿ ಕೇಳುತ್ತೇನೆ.

ನಮ್ಮವ್ವ ಇದೇ ಊರಿನ ಕಟ್ಟಡಗಳಿಗೆ ಸಿಮೆಂಟಿನ ಪುಟ್ಟಿ ಹೊತ್ತು ನನ್ನನ್ನು ಓದಿಸಿದವಳು. ಆಯುಧ ಪೂಜೆ ಬಂತೆಂದರೆ ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಮಿಕ್ಸರ್, ಸ್ಕೂಟರ್, ಲ್ಯಾಪ್‌ಟಾಪ್, ಯಾವುದೂ ಅವಳ ಬೆರಳಿನಿಂದ ತಪ್ಪಿಸಿಕೊಳ್ಳುವುದಿಲ್ಲ. ಈ ಸಲ ಬೀರು ತೆರೆದು, ನಾನು ಹರಾಜಿಗೆಂದೇ ಎತ್ತಿಟ್ಟಿದ್ದ ರೆಕಾರ್ಡಿನ ನಟ್ಟನಡುವಿನ ಚೀಟಿಗೆ ಅರಿಶಿನ ಕುಂಕುಮ ಹಚ್ಚಿ, ಕವರಿನ ಮೇಲೆ ಮೂರು ಬೆರಳು ವಿಭೂತಿ ಎಳೆದಿದ್ದಳು. ಅದನ್ನು ಮಾರಿ, ವರ್ಷಗಳಿಂದ ಕಣ್ಣಿಟ್ಟಿದ್ದ ಇನ್ನೊಂದನ್ನು ತರುವವನಿದ್ದೆ.

"ಯವ್ವಾ, ಏನ್ ಮಾಡಿದಿ ಇದು!"

"ಮನಿಗೆ ಹೊಸಾ ಸಾಮಾನು ಬಂದ್ರ ಹಂಗ ಬಿಡಾಕ ಬರತೈತೇನೋ ತಮ್ಮಾ?"

"ಅದು ಹೊಸಾದಲ್ಲ, ಹಳೇದು!"

"ಹಳೇದಕ್ಕ ಅಷ್ಟು ರೊಕ್ಕ ಕೊಟ್ಟಿಯಾ? ಡಿಗ್ರಿ ಓದಿಸಿದ್ದು ಇದಕ್ಕೇನು?"

ಫೋಟೊ ಕಳಿಸಿದೆ. ಕಂಪನಿಯವರ ಉತ್ತರ ಬಂತು: ಕೊಳೆಯ ಕಲೆಗಳಿವೆ, ದರ್ಜೆ ಇಳಿಸಲಾಗಿದೆ, ನೀವು ಕೇಳಿದ್ದರ ಕಾಲು ಭಾಗವೂ ಬರಲಾರದು. ಕೊಳೆ! ಅದೇ ಹರಾಜಿನಲ್ಲಿ ಇನ್ನೊಂದು ರೆಕಾರ್ಡಿತ್ತು. ಅದರ ಕವರಿನ ಮೇಲೆ ವಿದೇಶದ ಯಾವನೋ ಕಾಫಿ ಕಪ್ಪು ಊರಿದ ಗುಂಡು ಗುರುತು. ಅವನು ಹಳೆಯ ಜಾಝ್ ಕ್ಲಬ್ಬೊಂದರ ಮಾಲೀಕನಂತೆ. ಆ ಗುರುತಿನಿಂದಾಗಿ ಬೆಲೆ ಹೆಚ್ಚು! ಅವನ ಕಾಫಿ ಚರಿತ್ರೆ, ನಮ್ಮವ್ವನ ಕುಂಕುಮ ಕೊಳೆ. ನನ್ನ ಡಿಗ್ರಿ ಸರ್ಟಿಫಿಕೇಟಿನ ಮೂಲೆಯಲ್ಲೂ ಅವಳ ಕುಂಕುಮವಿದೆ. ಯಾವ ಆಫೀಸೂ ಅದಕ್ಕಾಗಿ ನನ್ನ ಸಂಬಳ ಇಳಿಸಿಲ್ಲ. ಮೈಮುರಿದು ದುಡಿದ ಜನ ಊದಿದ ಸಂಗೀತವಂತೆ ಜಾಝ್. ಮೈಮುರಿದು ದುಡಿದವಳೊಬ್ಬಳು ಮುಟ್ಟಿದರೆ ಅದಕ್ಕೆ ಮೈಲಿಗೆ! ಹೀಗೆಂದೇ ಬರೆದು ಕಳಿಸಿ ರೆಕಾರ್ಡನ್ನು ಹರಾಜಿನಿಂದ ಹಿಂತೆಗೆದೆ. ಹೇಗೂ ಬೆಲೆ ಬಿದ್ದಿದೆಯೆಂದು ಅಂದೇ ಮೊದಲ ಬಾರಿಗೆ ಅದನ್ನು ಹಾಕಿ ಕೇಳಿದೆ. ಕುಂಕುಮ ಗಿರಗಿರನೆ ತಿರುಗಿತು. ಅವ್ವ ಕೇಳಿ, "ಪಾಪ, ಉಂಡಿಲ್ಲೇನೋ ಊದಾಂವ," ಎಂದಳು.

ಸಿಟ್ಟು ಇನ್ನೂ ಆರಿರಲಿಲ್ಲ. ಆ ವಾರವೇ ದಿಲ್‌ಸುಖ್‌ನಗರದವನೊಬ್ಬ, ನಾನು ಹುಡುಕುತ್ತಿದ್ದ ಆ ಇನ್ನೊಂದು ರೆಕಾರ್ಡನ್ನೇ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದ. ಫೋಟೊ ದೊಡ್ಡದು ಮಾಡಿ ನೋಡಿದೆ. ನಡುವಿನ ಚೀಟಿಯ ಮೇಲೆ ಕೆಂಪು ಬೊಟ್ಟು. ನನ್ನ ಬೆರಳು ತಾನಾಗಿಯೇ ಬರೆಯಿತು: "ಕಲೆ ಇದೆ, ಬೆಲೆ ಇಳಿಸಿ."

"ಅದು ನಮ್ಮಮ್ಮ ಇಟ್ಟ ಬೊಟ್ಟು ಸಾರ್," ಎಂದು ಅವನು ತೆಲುಗಿನಲ್ಲಿ ಉತ್ತರಿಸಿ, ಬೆಲೆ ಇಳಿಸಿದ.

ನಾನು ಆ ಇಳಿಸಿದ ಬೆಲೆಯನ್ನೇ ಕಳಿಸಿದೆ.